ದೊಡ್ಡ ಮೀನು ಸಿಕ್ತು, ಗೋಡೆಗೆ ಹಾಕ್ಬೇಕು ಅಂದ್ರೆ: ಮಲೆನಾಡಿನ ಮನೆಗೆ ಯಾವ ದಾರಿ ಸರಿ, ಹಂತ ಹಂತವಾಗಿ

ಪ್ರತಿ ವರ್ಷ ಆಷಾಢ ಕಳೆದು ಶ್ರಾವಣ ಬರೋ ಹೊತ್ತಿಗೆ ನಂಗೆ ಇದೇ ಫೋನ್ ಬರತ್ತೆ. "ಅಣ್ಣಾ, ಬೇಸಿಗೇಲಿ ಹಿಡಿದ ಮೀನು ಗೋಡೆಗೆ ಹಾಕಿದ್ವಲ್ಲ, ವಾಸನೆ ಬರ್ತಿದೆ, ಬಾಯಿಂದ ಎಣ್ಣೆ ಥರ ಏನೋ ಇಳೀತಿದೆ, ಏನ್ ಮಾಡೋದು?" ಏನೂ ಮಾಡಕ್ಕಾಗಲ್ಲ ಮಾರಾಯ್ರೆ, ಆ ಮೀನು ಹೋಯ್ತು. ಎಲ್ರೂ ಮಾಡೋದು ಒಂದೇ ಕೆಲ್ಸ, ಹೊಟ್ಟೆ ಸೀಳಿ ಕರುಳು ತೆಗೆದು ಉಪ್ಪು ತುಂಬಿ ಹದಿನೈದು ದಿನ ಬಿಸಿಲಿಗಿಟ್ಟು ಮೇಲೆ ವಾರ್ನಿಷ್ ಹೊಡೆಯೋದು. ಹೊರಗಿಂದ ಗಟ್ಟಿಯಾಗಿ ಕಾಣತ್ತೆ, ಒಳಗೆ ಮಾಂಸ ಕೊಬ್ಬು ಎಲ್ಲಾ ಹಂಗೇ ಇರತ್ತೆ. ಮಳೆ ಹಿಡಿದ ಕೂಡ್ಲೆ ಆ ಉಪ್ಪು ಗಾಳೀಲಿರೋ ನೀರನ್ನ ಎಳ್ಕೊಂಡು ಮತ್ತೆ ಒದ್ದೆ ಮಾಡತ್ತೆ, ವಾರ್ನಿಷ್ ಆ ನೀರನ್ನ ಹೊರಗೆ ಬಿಡಲ್ಲ, ಇನ್ನೇನು, ಕೊಳೆಯತ್ತೆ.

ಅದಕ್ಕೇ ಇದನ್ನ ಮೊದಲಿಂದ ಬರೀತಿದೀನಿ. ಮೀನನ್ನ ಹೇಗೆ ಉಳಿಸ್ಬೇಕು ಅನ್ನೋದು ಮನೆಗೆ ಬಂದ್ಮೇಲೆ ಕೂತು ಯೋಚ್ನೆ ಮಾಡೋ ವಿಷಯ ಅಲ್ಲ, ನೀರಿನ ದಡದಲ್ಲೇ, ಮೀನು ಇನ್ನೂ ಕಿವಿರು ಆಡಿಸ್ತಿರೋವಾಗಲೇ ತೀರ್ಮಾನ ಆಗ್ಬೇಕು. ಅಲ್ಲಿ ತಪ್ಪಿದ್ರೆ ಮುಂದೆ ಎಷ್ಟು ದುಡ್ಡು ಹಾಕಿದ್ರೂ ಸರಿ ಹೋಗಲ್ಲ.

ಹಂತ 1: ಈ ಮೀನನ್ನ ಇಟ್ಕೋಬಹುದಾ?

ಇದು ಮೊದಲನೇ ಪ್ರಶ್ನೆ, ಆದ್ರೆ ಎಲ್ರೂ ಕೊನೇಲಿ ಕೇಳ್ತಾರೆ. ಶೃಂಗೇರಿ ಮಠದ ಹತ್ರದ ಮೀನು, ತೀರ್ಥಹಳ್ಳಿ ಹತ್ರ ಚಿಪ್ಪಲಗುಡ್ಡೆ ಮತ್ಸ್ಯಧಾಮದ ಮೀನು, ಇವುಗಳ ಕಡೆ ಗಾಳ ತಿರುಗಿಸೋ ಮಾತೇ ಇಲ್ಲ. ಶೆಟ್ಟಿಹಳ್ಳಿ, ಶರಾವತಿ ಕಣಿವೆ, ಭದ್ರಾ ಈ ಅಭಯಾರಣ್ಯಗಳ ಒಳಗಿನ ನೀರೂ ಅಷ್ಟೇ, 1972ರ ವನ್ಯಜೀವಿ ಕಾಯ್ದೆ ಅಲ್ಲಿಯ ಹಳ್ಳ ಹೊಳೆಗೂ ಅನ್ವಯ ಆಗತ್ತೆ. ಊರ ಕೆರೆ, ಡ್ಯಾಂ ಹಿನ್ನೀರು ಅಂದ್ರೆ ಸಾಮಾನ್ಯವಾಗಿ ಯಾರಿಗೋ ಟೆಂಡರ್ ಆಗಿರತ್ತೆ ಇಲ್ಲಾ ಸೊಸೈಟಿ ಕೈಲಿರತ್ತೆ, ಅವ್ರನ್ನೂ ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಆಫೀಸನ್ನೂ ಕೇಳಿ ಗಾಳ ಹಾಕಿ.

ಮಹಶೀರ್ ಸಿಕ್ಕಿದ್ರೆ ಬಿಡಿ. ಕಾವೇರಿ ಕಡೆಯ ಗೂನುಬೆನ್ನಿನ ಮಹಶೀರ್ 2018ರಿಂದ ಐಯುಸಿಎನ್ (ಅಳಿವಿನಂಚಿನ ಜೀವಿಗಳ ಲೆಕ್ಕ ಇಡೋ ಅಂತರರಾಷ್ಟ್ರೀಯ ಸಂಸ್ಥೆ) ಪಟ್ಟೀಲಿ ತೀರಾ ಅಳಿವಿನ ಅಂಚಲ್ಲಿರೋ ಮೀನು. ನಮ್ಮ ತುಂಗಾ, ಭದ್ರಾ ಮಹಶೀರ್ ಬೇರೆ ಜಾತಿ, ಆದ್ರೆ ಅದೂ ನಿಧಾನಕ್ಕೆ ಬೆಳೆಯೋದು, ದೊಡ್ಡದೊಂದು ಆಗ್ಬೇಕಾದ್ರೆ ಎಷ್ಟೋ ವರ್ಷ ಬೇಕು. ಹಂಗೇ ಮುಂಗಾರಿನ ಮೊದಲ ಮಳೆಗೆ ಗದ್ದೆ ಕಡೆ ಏರೋ ಹತ್ತುಮೀನು. ಹೊಟ್ಟೆ ತುಂಬಾ ಮೊಟ್ಟೆ ಇಟ್ಕೊಂಡು ಬರೋ ಅದನ್ನ ಗೋಡೆಗೆ ಹಾಕೋ ಆಸೆ ಬೇಡ. ಮೊಟ್ಟೆಯಿಂದ ಉಬ್ಬಿದ ಹೊಟ್ಟೆ ಮೌಂಟಲ್ಲೂ (ಮೀನಿನ ಚರ್ಮ ಬಿಡಿಸಿ ಒಳಗೆ ಫೋಮ್ ಇಟ್ಟು ಗೋಡೆಗೆ ಹಾಕೋದು) ಚೆನ್ನಾಗಿ ಕಾಣಲ್ಲ, ಆ ಜಾಗದ ಚರ್ಮ ತೆಳ್ಳಗಾಗಿ ಬೇಗ ಹರಿಯತ್ತೆ.

ಬಿಡೋದು ಅಂದ್ರೆ ಕೈಬಿಟ್ಟಂಗೆ ಅಲ್ಲ. ಬಿಟ್ಟ ಮೀನಿನದ್ದೂ ಫೈಬರ್ ಪ್ರತಿ, ಅಂದ್ರೆ ಫೈಬರ್‌ಗ್ಲಾಸಲ್ಲಿ ಅದೇ ಥರದ ಮೀನು, ಮಾಡಿಸಬಹುದು, ಅದಕ್ಕೆ ಬೇಕಾಗಿರೋದು ಮುಂದಿನ ಹಂತ ಮಾತ್ರ.

ಹಂತ 2: ದಡದ ಮೇಲಿನ ಮೊದಲ ಹತ್ತು ನಿಮಿಷ

ಚೀಲದಲ್ಲಿ ಯಾವಾಗ್ಲೂ ಇರ್ಬೇಕಾದ್ದು: ಟೈಲರ್ ಹತ್ರ ಇರತ್ತಲ್ಲ ಆ ಮೆತ್ತನೆ ಇಂಚ್ ಟೇಪು, ಒಂದು ಹಳೇ ಟವೆಲ್, ದಪ್ಪ ಪ್ಲಾಸ್ಟಿಕ್ ಶೀಟು, ಮೀನಿಗಿಂತ ಉದ್ದದ ಒಂದು ಹಲಗೆ. ಕಬ್ಬಿಣದ ಟೇಪು ಬೇಡ, ಅದು ಸುತ್ತಳತೆಗೆ ಬಗ್ಗಲ್ಲ, ಹುರುಪೆ ಕೀಳತ್ತೆ.

ಫೋಟೋ ಮೊದ್ಲು, ಅಳತೆ ಆಮೇಲೆ. ಯಾಕಂದ್ರೆ ಬಣ್ಣ ಕಾಯಲ್ಲ. ಮೀನು ಸತ್ತ ಕೆಲವೇ ನಿಮಿಷಕ್ಕೆ ಮೈ ಮೇಲಿನ ಹೊಳಪು ಇಳಿಯಕ್ಕೆ ಶುರು ಆಗತ್ತೆ, ಒಂದು ಗಂಟೆ ಕಳೆದ ಮೇಲೆ ನೀವು ನೋಡಿದ ಮೀನೇ ಬೇರೆ. ಯಾವ ದಾರಿ ಹಿಡಿದ್ರೂ ಕೊನೇಲಿ ಬಣ್ಣ ಕೈಯಲ್ಲೇ ಹಚ್ಚೋದು, ಬಣ್ಣ ಹಚ್ಚೋನಿಗೆ ನಿಮ್ಮ ಫೋಟೋ ಬಿಟ್ರೆ ಬೇರೆ ಆಧಾರ ಇಲ್ಲ. ನೆರಳಲ್ಲಿ ಫ್ಲ್ಯಾಶ್ ಇಲ್ದೆ ತೆಗೀರಿ, ಮೊಬೈಲನ್ನ ಮೀನಿನ ಮಧ್ಯಕ್ಕೆ ನೇರ ಹಿಡೀರಿ. ಕೈ ಮುಂದೆ ಚಾಚಿ ಮೀನು ದೊಡ್ಡದು ಕಾಣೋ ಹಂಗೆ ತೆಗೆದ ಫೋಟೋ ಈ ಕೆಲ್ಸಕ್ಕೆ ಉಪಯೋಗಕ್ಕೆ ಬರಲ್ಲ. ಪೂರ್ತಿ ಮೀನು ಒಂದು, ತಲೆ ಒಂದು, ಕಣ್ಣು ಹತ್ರದಿಂದ ಒಂದು, ಒಂದೊಂದು ರೆಕ್ಕೇದೂ ಬಿಡಿಸಿ ಒಂದೊಂದು, ಬೆನ್ನು, ಹೊಟ್ಟೆ. ಒಂದು ಫೋಟೋದಲ್ಲಿ ಟೇಪು ಪಕ್ಕಕ್ಕೆ ಇರ್ಲಿ.

ಅಳತೆ ಎರಡು ಮುಖ್ಯ. ಮೂತಿ ತುದಿಯಿಂದ ಬಾಲದ ತುದಿವರೆಗೆ ಉದ್ದ, ಹಲಗೆ ಮೇಲೆ ನೇರವಾಗಿ, ಹೊಟ್ಟೆ ಉಬ್ಬಿನ ಮೇಲೆ ಟೇಪು ಓಡಿಸಿ ಅಲ್ಲ. ಆಮೇಲೆ ಬೆನ್ನಿನ ರೆಕ್ಕೆ ಶುರುವಾಗೋ ಜಾಗದ ಸ್ವಲ್ಪ ಮುಂದೆ, ಎಲ್ಲಿ ದಪ್ಪ ಇದ್ಯೋ ಅಲ್ಲಿ ಸುತ್ತಳತೆ. ತಕ್ಕಡಿ ಇಲ್ದಿದ್ರೆ ಒಂದು ಹಳೇ ಲೆಕ್ಕ ಇದೆ: ಸುತ್ತಳತೆಯನ್ನ ಸುತ್ತಳತೆಯಿಂದಲೇ ಗುಣಿಸಿ, ಅದನ್ನ ಉದ್ದದಿಂದ ಗುಣಿಸಿ, 800ರಿಂದ ಭಾಗಿಸಿ. ಅಳತೆ ಇಂಚಲ್ಲಿರ್ಬೇಕು, ಬರೋದು ಪೌಂಡಲ್ಲಿ. 32 ಇಂಚು ಉದ್ದ 20 ಇಂಚು ಸುತ್ತಳತೆ ಇದ್ರೆ 16 ಪೌಂಡು, ಅಂದ್ರೆ ಏಳೂಕಾಲು ಕೆಜಿ ಹತ್ರ. ಇದು ಅಂದಾಜು ಅಷ್ಟೇ, ಕಾಟ್ಲಾ ಥರದ ದಪ್ಪ ತಲೆ ಮೀನಿಗೆ ಹೆಚ್ಚುಕಮ್ಮಿ ಆಗತ್ತೆ. ಆದ್ರೆ ಫೈಬರ್ ಮಾಡೋರಿಗೆ ತೂಕಕ್ಕಿಂತ ಈ ಎರಡು ಅಳತೇನೇ ಬೇಕು.

ಬಿಡೋ ಮೀನಾದ್ರೆ ಇದೆಲ್ಲಾ ನೀರಿನ ಅಂಚಲ್ಲೇ, ಕೈ ಒದ್ದೆ ಮಾಡ್ಕೊಂಡು, ಹತ್ತಿಪ್ಪತ್ತು ಸೆಕೆಂಡಿಗಿಂತ ಹೆಚ್ಚು ಒಂದೇ ಸಲ ಮೇಲೆ ಎತ್ತದೆ. ಕಿವಿರಿಗೆ ಬೆರಳು ಹಾಕಿ ನೇತಾಡಿಸಿದ ಮೀನು ಈಜಿ ಹೋದಂಗೆ ಕಂಡ್ರೂ ಬದುಕೋದು ಕಷ್ಟ.

ಇಟ್ಕೊಳ್ಳೋ ಮೀನಾದ್ರೆ ನಮ್ಮ ಕಡೆಯ ಒಂದು ಅಭ್ಯಾಸ ಬಿಡ್ಲೇಬೇಕು, ಕಿವಿರಿಗೆ ಬಳ್ಳಿ ಪೋಣಿಸಿ ಹೆಗಲಿಗೆ ಹಾಕ್ಕೊಂಡು ಬರೋದು. ಕಿವಿ ಮುಚ್ಚಳ ಹರಿಯತ್ತೆ, ಬೆನ್ನಿಗೆ ಉಜ್ಜಿ ಹುರುಪೆ ಉದುರತ್ತೆ. ಕಲ್ಲಿಗೆ ಬಡಿಯೋದೂ ಬೇಡ. ಇನ್ನು ಸೊರಬ ಸಾಗರದ ಕಡೆ ಕೆರೆಬೇಟೇಲಿ ಕೂಣಿ (ಮೀನು ಹಿಡಿಯೋ ಬಿದಿರಿನ ಬುಟ್ಟಿ) ಒಳಗೆ ಸಿಕ್ಕ ಮೀನು ಅಂದ್ರೆ, ಅದು ಕೆಸರಲ್ಲಿ ಹೊರಳಾಡಿ ರೆಕ್ಕೆ ಸೀಳಿ ಹುರುಪೆ ಕಿತ್ತು ಬಂದಿರತ್ತೆ, ಎಷ್ಟೇ ದೊಡ್ಡದಿದ್ರೂ ಚರ್ಮದ ಮೌಂಟಿಗೆ ಆಗಲ್ಲ. ಮೈಗೆ ಮಸಿ ಹಚ್ಚಿ ಬಟ್ಟೆ ಮೇಲೆ ಅಚ್ಚು ತೆಗೀರಿ, ಅದಕ್ಕೆ ಅದು ಸಾಕು.

ಹಂತ 3: ದಾರಿ ಆರ್ಸೋದು

ಮೂರು ವಿಷಯ ನೋಡಿ ತೀರ್ಮಾನ ಮಾಡಿ, ಈ ಕ್ರಮದಲ್ಲೇ.

ಮೊದಲನೇದು ನಿಮ್ಮ ಮನೆ ಎಲ್ಲಿದೆ. ಶಿವಮೊಗ್ಗ ಪೇಟೆ, ಭದ್ರಾವತಿ, ಶಿಕಾರಿಪುರ ಒಂದು ಲೆಕ್ಕ. ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆ ಪೂರ್ತಿ ಬೇರೆ ಲೆಕ್ಕ. ಆಗುಂಬೇಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೇಲೆ ಮಳೆ, ಚಪ್ಪಲಿಗೆ, ಬೆಲ್ಟಿಗೆ ಬೂಸ್ಟು ಬರೋ ಮನೇಲಿ ಮೀನಿನ ಚರ್ಮಕ್ಕೂ ಬರತ್ತೆ. ಜೂನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಬಟ್ಟೆ ಒಲೆ ಮೇಲೆ ಒಣಗಿಸ್ಬೇಕು ಅನ್ನೋ ಪರಿಸ್ಥಿತಿ ಇದ್ರೆ ಚರ್ಮದ ಮೌಂಟ್ ಮಾಡ್ಬೇಡಿ. ಫೈಬರ್ ಇಲ್ಲಾ ಬಟ್ಟೆ ಅಚ್ಚು, ಇವೆರಡೇ. ಇದು ನನ್ನ ಗಟ್ಟಿ ಅಭಿಪ್ರಾಯ.

ಎರಡನೇದು ಯಾವ ಮೀನು. ರೋಹು, ಮೃಗಾಲ್, ಕುಚ್ಚು ಇವುಗಳ ಚರ್ಮ ಗಟ್ಟಿ, ಹುರುಪೆ ಭದ್ರ, ಮೌಂಟಿಗೆ ಒಗ್ಗತ್ತೆ. ಕಾಟ್ಲಾ ಕಷ್ಟ, ಅಷ್ಟು ದೊಡ್ಡ ತಲೆ, ಅದರ ತುಂಬಾ ಕೊಬ್ಬು, ಒಣಗಿದಾಗ ಕೆನ್ನೆ ಒಳಗೆ ಹೋಗಿ ತಲೆ ಸುಕ್ಕಾಗತ್ತೆ, ಎರಡ್ಮೂರು ವರ್ಷ ಆದ್ಮೇಲೂ ಎಣ್ಣೆ ಜಿನುಗತ್ತೆ. ಬಾಳೆ ಮೀನಿಗೆ ಹುರುಪೇನೇ ಇಲ್ಲ, ತೆಳು ಚರ್ಮ ಒಣಗಿದ್ರೆ ಹಪ್ಪಳದ ಥರ ಮಡಚ್ಕೊಳ್ಳತ್ತೆ. ಈ ಎರಡಕ್ಕೂ ಫೈಬರ್ರೇ ಸರಿ.

ಮೂರನೇದು ನಿಮಗೆ ನಿಜವಾಗಿ ಬೇಕಾಗಿರೋದೇನು. ಅದೇ ಮೀನಿನ ಚರ್ಮ, ಅದೇ ಹುರುಪೆ ಬೇಕಾ? ಆಗ ಮೌಂಟ್. ಅದರ ಗಾತ್ರ, ಆಕಾರ ನೆನಪಿದ್ರೆ ಸಾಕಾ? ಫೈಬರ್. ಮೀನು ತಿನ್ನಲೂ ಬೇಕು ನೆನಪೂ ಬೇಕಾ? ಬಟ್ಟೆ ಅಚ್ಚು. ಮಕ್ಕಳಿಗೆ, ಶಾಲೆಗೆ, ಜಾತಿ ಗುರುತಿಸೋಕೆ ಅಂದ್ರೆ ಜಾರಲ್ಲಿ ಫಾರ್ಮಲಿನ್ (ಕೊಳೆಯದಂಗೆ ತಡೆಯೋ ರಾಸಾಯನಿಕ). ಬಾಳೆ ಮೀನಿನ ಹಲ್ಲು ತೋರ್ಸೋಕೆ ಅಂದ್ರೆ ಬರೀ ದವಡೆ.

ಒಂದು ದಾರಿ ಮಾತ್ರ ಈಗ್ಲೇ ಬಿಟ್ಟುಬಿಡಿ ಅಂತೀನಿ, ಪೂರ್ತಿ ಮೀನನ್ನ ಗಾಜಿನಂಥ ಎಪಾಕ್ಸಿ ರೆಸಿನ್ ಒಳಗೆ ಮುಳುಗಿಸೋದು. ವಿಡಿಯೋ ನೋಡಿ ತುಂಬಾ ಜನ ಮಾಡ್ತಿದ್ದಾರೆ. ಮೀನಿನ ಮೈಯಲ್ಲಿ ಮುಕ್ಕಾಲು ಪಾಲು ನೀರೇ ಇರತ್ತೆ, ಆ ನೀರನ್ನ ಪೂರ್ತಿ ತೆಗೀದೆ ರೆಸಿನ್ ಹುಯ್ದ್ರೆ ಒಳಗೇ ಕೊಳೆತು ಗುಳ್ಳೆ ಏಳತ್ತೆ, ಸುತ್ತ ಮಂಜು ಕವಿದಂಗೆ ಆಗತ್ತೆ. ದಪ್ಪ ಹುಯ್ದ್ರೆ ರೆಸಿನ್ ತಾನೇ ಕಾದು ಬಿರಿಯತ್ತೆ.

ಹಂತ 4: ಮನೆಗೆ ತರೋದು, ಫ್ರೀಜರ್‌ಗೆ ಹಾಕೋದು

ಮೌಂಟ್ ಅಥವಾ ಅಚ್ಚು ಅಂತ ತೀರ್ಮಾನ ಆದ್ರೆ ಮೀನಿನ ಹೊಟ್ಟೆ ಸೀಳ್ಬೇಡಿ. ಮತ್ತೆ ಹೇಳ್ತೀನಿ, ಸೀಳ್ಬೇಡಿ. ಮನೇಲಿ ಅಮ್ಮ, ಅತ್ತಿಗೆ ಯಾರಾದ್ರೂ ಒಳ್ಳೇ ಮನಸ್ಸಿಂದ ಕ್ಲೀನ್ ಮಾಡಿಟ್ಟುಬಿಡ್ತಾರೆ, ಮೊದ್ಲೇ ಹೇಳಿರಿ. ಮೌಂಟ್ ಮಾಡೋರು ಗೋಡೆ ಕಡೆ ಬರೋ ಪಕ್ಕದಲ್ಲಿ ಸೀಳ್ತಾರೆ, ಹೊಟ್ಟೇಲಿ ಸೀಳಿದ್ರೆ ಆ ಹೊಲಿಗೆ ಎದುರಿಗೆ ಬಂದುಬಿಡತ್ತೆ.

ಪೇಪರಲ್ಲಿ ಸುತ್ತೋದೂ ತಪ್ಪು, ಲೋಳೆ ಜೊತೆ ಅಂಟಿ ಮಸಿ ಹಿಡಿಯತ್ತೆ, ಹೆಪ್ಪುಗಟ್ಟಿದ ಮೇಲೆ ಕಿತ್ತರೆ ಹುರುಪೆ ಬರತ್ತೆ. ಒದ್ದೆ ಟವೆಲ್ಲಲ್ಲಿ ಸುತ್ತಿ, ರೆಕ್ಕೆ ಮೈಗೆ ಅಂಟೋ ಹಂಗೆ ಮಲಗಿಸಿ, ಬಾಲದ ಎರಡೂ ಕಡೆ ರಟ್ಟು ಕೊಟ್ಟು, ಮೇಲೆ ಪ್ಲಾಸ್ಟಿಕ್ ಎರಡು ಸುತ್ತು, ಗಾಳಿ ಒಳಗೆ ಉಳೀಬಾರ್ದು. ಬರೋ ದಾರೀಲಿ ಐಸ್ ಪೆಟ್ಟಿಗೇಲಿ, ಆದ್ರೆ ಪ್ಲಾಸ್ಟಿಕ್ ಒಳಗೆ, ಕರಗಿದ ನೀರಲ್ಲಿ ಮೀನು ನೆನೀಬಾರ್ದು. ಮನೇಲಿ ಹಲಗೆ ಮೇಲೆ ಮಲಗಿಸೇ ಫ್ರೀಜರ್‌ಗೆ. ಬಗ್ಗಿಸಿ ತುರುಕಿದ ಮೀನು ಬಗ್ಗಿದಂಗೇ ಗಟ್ಟಿಯಾಗತ್ತೆ, ಬಿಡಿಸಕ್ಕೆ ಹೋದ್ರೆ ಬಾಲ ಮುರಿಯತ್ತೆ.

ಮಲೆನಾಡಲ್ಲಿ ಇನ್ನೊಂದು ತೊಂದ್ರೆ ಇದೆ, ಕರೆಂಟು. ಮಳೆಗಾಲದಲ್ಲಿ ಎರಡ್ಮೂರು ದಿನ ಕರೆಂಟ್ ಇಲ್ದೇ ಫ್ರೀಜರ್ ಕರಗಿ ಮತ್ತೆ ಹೆಪ್ಪುಗಟ್ಟಿದ ಮೀನಿನ ಹುರುಪೆ ಮುಟ್ಟಿದ್ರೆ ಉದುರತ್ತೆ, ಕಣ್ಣು ಒಳಗೆ ಹೋಗಿರತ್ತೆ, ಹೊಟ್ಟೆ ಹಸಿರಾಗಿರತ್ತೆ. ಅಂಥದ್ದನ್ನ ಮೌಂಟಿಗೆ ಕೊಡ್ಬೇಡಿ. ಸಾಧ್ಯ ಆದ್ರೆ ಪೇಟೇಲಿ ಐಸ್‌ಕ್ರೀಮ್ ಅಂಗಡಿಯವ್ರೋ ಮೀನು ಮಾರೋರೋ ಪರಿಚಯ ಇದ್ರೆ ಅವ್ರ ಡೀಪ್ ಫ್ರೀಜರಲ್ಲಿ ಇಡ್ಸಿ.

ಹಂತ 5: ಬಟ್ಟೆ ಮೇಲೆ ಅಚ್ಚು

ಮೊದಲ ಸಲ ಮಾಡೋರಿಗೆ ನಾನು ಹೇಳೋದು ಇದನ್ನೇ. ಜಪಾನಿನವರು ಇದಕ್ಕೆ ಗ್ಯೋಟಾಕು ಅಂತಾರೆ. ಖರ್ಚು ಇಲ್ಲ ಅನ್ನೋ ಅಷ್ಟು ಕಮ್ಮಿ, ಕೊಳೆಯೋಕೆ ಏನೂ ಇರಲ್ಲ, ಫ್ರೇಮ್ ಹಾಕಿದ್ರೆ ಜಗಲೀಲಿ ಚಂದ ಕಾಣತ್ತೆ, ಅಳತೇನೂ ಹತ್ರ ಹತ್ರ ನಿಜವಾದ್ದೇ.

ಬೇಕಾಗಿರೋದು ತೆಳು ಹತ್ತಿ ಬಟ್ಟೆ, ಮಲ್ ಬಟ್ಟೆ ಆಗತ್ತೆ, ಮೆತ್ತಗಾದ ಹಳೇ ಬಿಳಿ ಪಂಚೆ ಇನ್ನೂ ಒಳ್ಳೇದು. ಹೊಸ ಬಟ್ಟೆ ಆದ್ರೆ ಎರಡು ಸಲ ಒಗೆದು ಗಂಜಿ ಬಿಡ್ಸಿ, ಇಲ್ಲಾ ಮಸಿ ಹಿಡಿಯಲ್ಲ. ಜೊತೆಗೆ ಪಟಿಕ, ಹತ್ತಿ, ಗುಂಡುಸೂಜಿ, ಥರ್ಮೊಕೋಲ್ ತುಂಡು, ಜೇಡಿಮಣ್ಣು, ಮೆತ್ತನೆ ಬ್ರಶ್ಶು.

ಪಟಿಕ ಕರಗಿಸಿದ ನೀರಲ್ಲಿ ಮೀನನ್ನ ತಲೆಯಿಂದ ಬಾಲದ ಕಡೆಗೆ ಮೆತ್ತಗೆ ಒರಸ್ತಾ ಹೋಗಿ, ಲೋಳೆ ಮುದ್ದೆಯಾಗಿ ಬರತ್ತೆ. ಲೋಳೆ ಪೂರ್ತಿ ಹೋಗೋವರೆಗೆ ಬಿಡ್ಬೇಡಿ, ಹತ್ತರಲ್ಲಿ ಎಂಟು ಅಚ್ಚು ಕೆಡೋದು ಇಲ್ಲೇ. ಆಮೇಲೆ ಒರೆಸಿ ಒಣಗಿಸಿ. ಕಿವಿರು, ಬಾಯಿ, ಹಿಂದಿನ ದ್ವಾರ ಮೂರಕ್ಕೂ ಹತ್ತಿ ತುರುಕಿ, ಇಲ್ದಿದ್ರೆ ಒತ್ತಿದಾಗ ನೀರು ಬಂದು ಬಟ್ಟೆ ಮೇಲೆ ಕಲೆ. ರೆಕ್ಕೆ ಬಾಲದ ಕೆಳಗೆ ಥರ್ಮೊಕೋಲೋ ಮಣ್ಣೋ ಕೊಟ್ಟು ಮೈ ಮಟ್ಟಕ್ಕೆ ಎತ್ತಿ ಸೂಜಿ ಚುಚ್ಚಿ ಬಿಡಿಸಿಡಿ.

ಮಸಿ ತೆಳ್ಳಗೆ, ಮೊದ್ಲು ತಲೆಯಿಂದ ಬಾಲಕ್ಕೆ, ಆಮೇಲೆ ಉಲ್ಟಾ, ಆಗ ಹುರುಪೆ ಅಂಚು ಎದ್ದು ಕಾಣತ್ತೆ. ಕಣ್ಣಿಗೆ ಮಸಿ ಬೇಡ, ಅದನ್ನ ಆಮೇಲೆ ಬ್ರಶ್ಶಲ್ಲಿ ಬರೀರಿ. ಸೂಜಿ ತೆಗೆದು ಬಟ್ಟೆ ಹೊದಿಸಿ ಮಧ್ಯದಿಂದ ಅಂಚಿಗೆ ಬೆರಳಲ್ಲಿ ಒತ್ತುತ್ತಾ ಹೋಗಿ, ಉಜ್ಜೋದಲ್ಲ, ಒತ್ತೋದು. ಬಟ್ಟೆ ಒಂದು ನೂಲು ಜರುಗಿದ್ರೂ ಎರಡು ಮೀನು ಕಾಣತ್ತೆ. ಮೊದಲನೇ ಅಚ್ಚು ಯಾವಾಗ್ಲೂ ಮಸಿ ಜಾಸ್ತಿಯಾಗಿ ಬರತ್ತೆ, ಎರಡನೇದೋ ಮೂರನೇದೋ ಚೆನ್ನಾಗಿ ಬರತ್ತೆ, ಹಂಗಾಗಿ ಬಟ್ಟೆ ನಾಲ್ಕು ತುಂಡು ರೆಡಿ ಇಟ್ಕೊಳ್ಳಿ.

ಮೀನು ತಿನ್ನೋ ಆಸೆ ಇದ್ರೆ ಬಣ್ಣದ ಅಂಗಡಿ ಮಸಿ ಹಚ್ಬೇಡಿ. ಕರಾವಳಿಯಿಂದ ಬರೋ ಬೊಂಡಾಸ್ (ಸ್ಕ್ವಿಡ್) ಮೀನಿನ ಮಸಿ ಚೀಲ ತೆಗೆದಿಟ್ಕೊಡಿ ಅಂತ ಮಾರ್ಕೆಟ್ಟಲ್ಲಿ ಹೇಳಿ, ಆ ಮಸಿ ತಿನ್ನೋ ಪದಾರ್ಥವೇ. ಅರ್ಧ ಗಂಟೇಲಿ ಅಚ್ಚು ಮುಗಿಸಿ ಚೆನ್ನಾಗಿ ತೊಳೆದು ಸಾರಿಗೆ ಹಾಕಿ.

ಹಂತ 6: ಫೈಬರ್ ಪ್ರತಿ

ಎರಡು ಥರ ಇದೆ. ಮೀನು ಬಿಟ್ಟಿದ್ರೆ ಅಳತೆ, ಫೋಟೋ ಕಳಿಸಿ ಮಾಡಿಸೋದು, ಅವ್ರು ತಮ್ಮಲ್ಲಿರೋ ಅಚ್ಚಲ್ಲಿ ಹತ್ರದ ಗಾತ್ರದ್ದು ತೆಗೆದು ನಿಮ್ಮ ಫೋಟೋ ನೋಡಿ ಬಣ್ಣ ಹಚ್ತಾರೆ. ಸಾಮಾನ್ಯವಾಗಿ ಇಂಚಿನ ಲೆಕ್ಕದಲ್ಲಿ ದುಡ್ಡು. ಕೊಡೋ ಮೊದ್ಲು ನಿಮ್ಮ ಜಾತಿ ಮೀನಿನ ಅಚ್ಚು ಇದೆಯಾ ಅಂತ ಕೇಳಿ, ಬೇರೆ ಯಾವುದೋ ಮೀನಿಗೆ ರೋಹು ಬಣ್ಣ ಹಚ್ಚಿ ಕೊಟ್ಟಿದ್ದನ್ನ ನಾನೇ ಒಂದು ಸಲ ದುಡ್ಡು ಕೊಟ್ಟು ತಂದಿದ್ದೆ, ಮೀಸೆಯ ಜಾಗ, ಬಾಯಿಯ ಆಕಾರ ಎರಡೂ ತಪ್ಪು. ಈಗಲೂ ಅದನ್ನ ನೋಡಿದ್ರೆ ಬೇಜಾರಾಗತ್ತೆ.

ಮೀನು ಕೈಲಿದ್ರೆ ನೀವೇ ಒಂದು ಪಕ್ಕದ ಅಚ್ಚು ಮಾಡಬಹುದು. ಗೋಡೆಗೆ ಹಾಕೋಕೆ ಒಂದು ಪಕ್ಕ ಸಾಕು. ದೀಪಾವಳಿಯಿಂದ ಯುಗಾದಿವರೆಗೆ ಇದಕ್ಕೆ ಕಾಲ, ಮಳೇಲಿ ಪಿಓಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಒಣಗಲ್ಲ.

ಮರಳು ತುಂಬಿದ ತಟ್ಟೆ ಥರದ ಪೆಟ್ಟಿಗೇಲಿ ಮೀನನ್ನ ಸರಿಯಾಗಿ ಅರ್ಧಕ್ಕೆ ಹೂಳಿ. ಅರ್ಧಕ್ಕಿಂತ ಕಮ್ಮಿ ಹೂಳಿದ್ರೆ ಪಿಓಪಿ ಹೊಟ್ಟೆ ಕೆಳಗೆ ಸುತ್ತಿ ಕಚ್ಕೊಳ್ಳತ್ತೆ, ಮೀನು ಹೊರಗೆ ಬರಲ್ಲ. ಲೋಳೆ ಪಟಿಕದಲ್ಲಿ ತೆಗೆದಿರ್ಬೇಕು. ರೆಕ್ಕೆ ಕೆಳಗೆ ಜೇಡಿಮಣ್ಣು, ಬಾಯಿ ಕಿವಿರಿನ ಸಂದಿಗೂ ಜೇಡಿಮಣ್ಣು, ಮೈ ಸುತ್ತ ಮರಳು ಕಾಣದ ಹಂಗೆ ಮಣ್ಣಲ್ಲೇ ನುಣ್ಣಗೆ ಮಟ್ಟ ಮಾಡಿ.

ಪಿಓಪಿ ಕಲಸೋವಾಗ ನೀರಿಗೆ ಪುಡಿ ಹಾಕಿ, ಪುಡಿಗೆ ನೀರಲ್ಲ. ಮೂರು ಪಾಲು ಪುಡಿ, ಎರಡು ಪಾಲು ನೀರು ಹತ್ರ ಹತ್ರ. ಮೊದಲ ಪದರ ಬ್ರಶ್ಶಲ್ಲಿ ತೆಳ್ಳಗೆ, ಗಾಳಿಗುಳ್ಳೆ ಇಲ್ದಂಗೆ, ಆಮೇಲೆ ಗೋಣಿ ನಾರು ಸೇರಿಸ್ತಾ ಮೂರು ಸೆಂಟಿಮೀಟರ್ ದಪ್ಪ. ಗಟ್ಟಿಯಾಗೋವಾಗ ಕಾಯತ್ತೆ, ಆ ಕಾವು ಪೂರ್ತಿ ಇಳಿಯೋವರೆಗೆ ಮುಟ್ಬೇಡಿ. ಮೀನು ತೆಗೆದ ಮೇಲೆ ಅಚ್ಚು ತೊಳೆದು ಒಣಗಿಸಿ. ಒಣಗಿದ್ಯಾ ಅಂತ ನೋಡೋಕೆ ಕೆನ್ನೆಗೆ ಇಟ್ಟು ನೋಡಿ, ತಣ್ಣಗೆ ಅನ್ಸಿದ್ರೆ ಒಳಗೆ ಇನ್ನೂ ನೀರಿದೆ. ಅವಸರ ಮಾಡಿ ಹಸಿ ಅಚ್ಚಿಗೆ ರೆಸಿನ್ ಹಾಕಿದ್ರೆ ಅದು ಗಟ್ಟಿಯಾಗದೆ ಬೆಲ್ಲದ ಪಾಕದ ಥರ ಅಂಟಂಟಾಗೇ ಉಳಿಯತ್ತೆ.

ಒಣಗಿದ ಅಚ್ಚಿಗೆ ಬಡಗಿಗಳು ಹಚ್ಚೋ ಅರಗಿನ ಪಾಲಿಶ್ ಮೂರು ಸಲ, ಅದರ ಮೇಲೆ ಮೇಣ ಉಜ್ಜಿ, ಆಮೇಲೆ ಫೈಬರ್ ಅಚ್ಚಿಗೆ ಅಂಟದಂಗೆ ತಡೆಯೋ, ಫೈಬರ್ ಅಂಗಡೀಲಿ ಸಿಗೋ ಪಿವಿಎ ದ್ರವ. ನಂತರ ಜೆಲ್‌ಕೋಟ್ (ಹೊರಮೈ ಆಗೋ ದಪ್ಪ ರೆಸಿನ್ ಪದರ), ಅದು ಬೆರಳಿಗೆ ಅಂಟದಷ್ಟು ಗಟ್ಟಿಯಾದ್ಮೇಲೆ ಫೈಬರ್ ಮ್ಯಾಟ್ ಎರಡು ಪದರ.

ಇಲ್ಲಿ ಒಂದು ಎಚ್ಚರಿಕೆ ದಯವಿಟ್ಟು ಗಮನ ಇಟ್ಟು ಓದಿ. ಪಾಲಿಯೆಸ್ಟರ್ ರೆಸಿನ್ ಜೊತೆ ಎರಡು ಸಣ್ಣ ಬಾಟ್ಲಿ ಕೊಡ್ತಾರೆ, ಒಂದು ನೇರಳೆ ಬಣ್ಣದ ಕೋಬಾಲ್ಟ್, ಇನ್ನೊಂದು ನೀರಿನಂಥ ಹಾರ್ಡನರ್. ಇವೆರಡನ್ನ ನೇರ ಒಂದಕ್ಕೊಂದು ಸೇರಿಸ್ಬಾರ್ದು, ಬೆಂಕಿ ಹತ್ತತ್ತೆ, ಸಿಡಿಯತ್ತೆ. ಮೊದ್ಲು ಕೋಬಾಲ್ಟನ್ನ ರೆಸಿನ್ನಿಗೆ ಹಾಕಿ ಚೆನ್ನಾಗಿ ಕಲಸಿ, ಅದಾದ್ಮೇಲೆ ಹಾರ್ಡನರ್, 100 ಗ್ರಾಂ ರೆಸಿನ್ನಿಗೆ 1ರಿಂದ 2 ಗ್ರಾಂ. ಒಂದೇ ಚಮಚ, ಒಂದೇ ಲೋಟ ಎರಡಕ್ಕೂ ಬಳಸ್ಬೇಡಿ. ಕೈಗವಸು, ಕಣ್ಣಿಗೆ ಕನ್ನಡಕ, ಆವಿ ತಡೆಯೋ ಮಾಸ್ಕ್ ಬೇಕು, ಬಟ್ಟೆ ಮಾಸ್ಕ್ ಸಾಲಲ್ಲ. ಅಂಗಳದಲ್ಲಿ ಮಾಡಿ, ಅಡುಗೆ ಒಲೆ, ಬಚ್ಚಲ ಒಲೆ ಹತ್ರ ಖಂಡಿತ ಬೇಡ. ಕೈ ಪಳಗಿಲ್ದಿದ್ರೆ ಅಚ್ಚು ಮಾತ್ರ ನೀವು ಮಾಡಿ, ರೆಸಿನ್ ಕೆಲ್ಸ ಬಂಪರ್ ರಿಪೇರಿ ಮಾಡೋ ಗ್ಯಾರೇಜಿನವರ ಹತ್ರ ಮಾಡ್ಸಿ, ಅವ್ರಿಗೆ ಇದು ದಿನದ ಕೆಲ್ಸ.

ಬಣ್ಣಕ್ಕೆ ಮೊದ್ಲು ಬಿಳಿ ಪ್ರೈಮರ್, ಅದರ ಮೇಲೆ ಬೆಳ್ಳಿ ಅಥವಾ ಮುತ್ತಿನ ಹೊಳಪು, ಆಮೇಲೆ ಬೆನ್ನಿನ ಕಪ್ಪು ಹಸಿರು ತೆಳ್ಳಗೆ ತೆಳ್ಳಗೆ. ನೇರ ಗಾಢ ಬಣ್ಣ ಬಳಿದ್ರೆ ಆಟದ ಸಾಮಾನಿನ ಥರ ಕಾಣತ್ತೆ. ಕೊನೇಲಿ ಹೊಳೆಯೋ ಕ್ಲಿಯರ್ ಲ್ಯಾಕರ್, ಆಗ ಈಗಷ್ಟೇ ನೀರಿಂದ ಎತ್ತಿದಂಗೆ ಇರತ್ತೆ.

ಹಂತ 7: ಚರ್ಮದ ಮೌಂಟ್

ಒಣ ಕಡೆ ಮನೆ, ಗಟ್ಟಿ ಚರ್ಮದ ಮೀನು, ಪೆಟ್ಟಾಗಿಲ್ಲ, ಈ ಮೂರೂ ಇದ್ರೆ ಮಾತ್ರ. ಪ್ರಾಣಿಗಳ ಚರ್ಮದ ಮೌಂಟ್ ಮಾಡ್ತಿದ್ದ ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆ 1999ರಲ್ಲಿ ಮುಚ್ಚಿದ ಮೇಲೆ ಹತ್ರದಲ್ಲಿ ಕೊಟ್ಟು ಬರೋ ಕೈ ಹುಡುಕೋದು ಕಷ್ಟ. ಯಾರಾದ್ರೂ ಮಾಡ್ಕೊಡ್ತೀನಿ ಅಂದ್ರೆ ಅವ್ರು ಮಾಡಿದ ಹೊಸ ಮೀನು ನೋಡ್ಬೇಡಿ, ಎರಡು ಮಳೆಗಾಲ ಕಂಡ ಮೀನು ತೋರ್ಸಿ ಅನ್ನಿ. ಲೈಸೆನ್ಸ್ ಬಗ್ಗೇನೂ ಕೇಳಿ.

ನೀವೇ ಮಾಡೋದಾದ್ರೆ ಒಂದು ಸಣ್ಣ ರೋಹು ತಂದು ಮೊದ್ಲು ಕೈ ಪಳಗಿಸ್ಕೊಳ್ಳಿ. ಕ್ರಮ ಹೀಗೆ. ಚರ್ಮ ಬಿಡಿಸೋ ಮುಂಚೆ ಮೀನನ್ನ ಕಾಗದದ ಮೇಲೆ ಮಲಗಿಸಿ ಸುತ್ತ ಗೆರೆ ಎಳೀರಿ, ಮೂರು ಕಡೆ ಸುತ್ತಳತೆ ಬರ್ಕೊಳ್ಳಿ. ಇದನ್ನ ಮರೆತ್ರೆ ಆಮೇಲೆ ಫೋಮ್ ಯಾವ ಆಕಾರಕ್ಕೆ ಕೆತ್ಬೇಕು ಅಂತ ಗೊತ್ತಾಗಲ್ಲ, ಜಾಸ್ತಿ ತುಂಬಿ ಬಲೂನ್ ಥರದ ಮೀನು ಆಗೋದು ಇದರಿಂದಲೇ. ಗೋಡೆ ಕಡೆಯ ಪಕ್ಕದಲ್ಲಿ ಉದ್ದಕ್ಕೆ ಸೀಳಿ, ರೆಕ್ಕೆ ಬುಡವನ್ನ ಒಳಗಿಂದ ಕತ್ತರೀಲಿ ಕತ್ತರಿಸಿ, ತಲೆಬುರುಡೆ ಚರ್ಮದ ಜೊತೇಲೇ ಬಿಡಿ. ಕೆನ್ನೆ ಮಾಂಸ, ಮಿದುಳು, ಕಣ್ಣು, ಬಾಲದ ಬುಡದ ಮಾಂಸ ಚಮಚದಲ್ಲಿ ಕೆರೆದು ತೆಗೀರಿ. ವಾಸನೆ ಬಂದು ಕೆಟ್ಟ ಮೌಂಟ್ ನಾನು ಬಿಚ್ಚಿ ನೋಡಿದ್ದೆಲ್ಲಾ ಬಾಲದ ಬುಡದಲ್ಲೋ ಕೆನ್ನೇಲೋ ಮಾಂಸ ಉಳ್ಕೊಂಡಿದ್ದು.

ಪಾತ್ರೆ ತೊಳೆಯೋ ಲಿಕ್ವಿಡ್‌ನಲ್ಲಿ ಜಿಡ್ಡು ಹೋಗೋವರೆಗೆ ತೊಳೆದು, ಒಳಗೆಲ್ಲಾ ಬಿಳಿಗಾರದ (ಬೋರಾಕ್ಸ್) ಪುಡಿ ಉಜ್ಜಿ. ಬಿಳಿಗಾರ ಹುಳ ತಡೆಯತ್ತೆ, ಆದ್ರೆ ಹೊಟ್ಟೆಗೆ ಹೋಗ್ಬಾರ್ದು, ಮಕ್ಕಳಿಂದ ದೂರ ಇಡಿ. ಗೆರೆ ಅಳತೆಗೆ ಕೆತ್ತಿದ ಗಟ್ಟಿ ಫೋಮ್ ಒಳಗಿಟ್ಟು ಹೊಲೀರಿ, ರೆಕ್ಕೆಗಳನ್ನ ಎರಡು ರಟ್ಟಿನ ಮಧ್ಯ ಬಿಡಿಸಿ ಕ್ಲಿಪ್ ಹಾಕಿ. ಫ್ಯಾನ್ ಗಾಳೀಲಿ, ನೆರಳಲ್ಲಿ ಮೂರು ನಾಲ್ಕು ವಾರ. ಬಿಸಿಲಿಗಿಟ್ರೆ ರೆಕ್ಕೆ ಸೀಳತ್ತೆ, ಚರ್ಮ ಎಳ್ಕೊಂಡು ಹೊಲಿಗೆ ಬಾಯಿ ಬಿಡತ್ತೆ. ಒಣಗಿದ್ಮೇಲೆ ಗಾಜಿನ ಕಣ್ಣು, ಸಂದಿಗೆ ಎಂ-ಸೀಲ್, ಆಮೇಲೆ ಬಣ್ಣ. ಒಣಗಿದ ಮೀನು ಕಂದು ಬಣ್ಣಕ್ಕೆ ತಿರುಗಿದ್ದು ನೋಡಿ ಕೆಟ್ಟೋಯ್ತು ಅಂತ ಗಾಬರಿ ಆಗ್ಬೇಡಿ, ಎಲ್ಲಾ ಮೀನೂ ಹಂಗೇ ಆಗೋದು.

ಹಂತ 8: ಜಾರು, ದವಡೆ

ಒಂದು ಅಡಿ ಒಳಗಿನ ಮೀನಿಗೆ ಜಾರು ಸರಿ. ಅಂಗಡಿ ಫಾರ್ಮಲಿನ್ ಒಂದು ಪಾಲಿಗೆ ಒಂಬತ್ತು ಪಾಲು ನೀರು, ಚಿಟಿಕೆ ಬಿಳಿಗಾರ. ಸಿರಿಂಜಲ್ಲಿ ಹೊಟ್ಟೆಗೂ ದಪ್ಪ ಮಾಂಸಕ್ಕೂ ಚುಚ್ಚಿ, ಇಲ್ದಿದ್ರೆ ಹೊರಗೆ ಗಟ್ಟಿ ಒಳಗೆ ಕೊಳೆ. ಸೀಳೋದಾದ್ರೆ ಬಲಗಡೆ ಸೀಳಿ, ಎಡಗಡೆ ನೋಡೋಕೆ ಬಿಡೋದು ಪದ್ಧತಿ. ಒಂದೆರಡು ವಾರ ಆದ್ಮೇಲೆ ನೀರಲ್ಲಿ ಎರಡ್ಮೂರು ದಿನ ನೆನೆಸಿ 70 ಪರ್ಸೆಂಟ್ ಆಲ್ಕೋಹಾಲ್‌ಗೆ ಹಾಕ್ತಾರೆ. ಫಾರ್ಮಲಿನ್ ಕ್ಯಾನ್ಸರ್ ತರೋ ಪದಾರ್ಥ, ಮನೇಲಿ ಮಾಡೋದಕ್ಕಿಂತ ಪರಿಚಯದ ಕಾಲೇಜಿನ ಪ್ರಾಣಿಶಾಸ್ತ್ರ ಲ್ಯಾಬಲ್ಲಿ ಕೇಳಿ ಮಾಡಿಸೋದು ಒಳ್ಳೇದು. ಬಣ್ಣ ಮಾತ್ರ ಉಳಿಯಲ್ಲ.

ದವಡೆಗೆ ಕುದಿಯೋ ನೀರು ಬೇಡ, ಸಣ್ಣ ಉರೀಲಿ ಬಿಸಿ ನೀರಲ್ಲಿ ಸ್ವಲ್ಪ ಸ್ವಲ್ಪ ಹೊತ್ತು ಇಟ್ಟು ಮಾಂಸ ಬಿಡಿಸ್ತಾ ಹೋಗಿ. ಮೀನಿನ ತಲೆ ಎಷ್ಟೋ ಸಣ್ಣ ಮೂಳೆ ಸೇರಿ ಆಗಿರೋದು, ಕುದಿಸಿದ್ರೆ ಬಿಚ್ಚಿ ಹೋಗತ್ತೆ. ಬೆಳ್ಳಗೆ ಮಾಡೋಕೆ ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್. ಬ್ಲೀಚಿಂಗ್ ಪೌಡರ್ ಹಾಕಿದ್ರೆ ಮೂಳೆ ಸೀಮೆಸುಣ್ಣದ ಥರ ಪುಡಿಯಾಗತ್ತೆ.

ಹಂತ 9: ನೇತುಹಾಕೋ ಜಾಗ, ಮಳೆಗಾಲದ ಕಾವಲು

ಚರ್ಮದ ಮೌಂಟನ್ನ ಮಳೆ ಹೊಡೆಯೋ ಪಡುವಣ ಗೋಡೆಗೆ, ಬಚ್ಚಲ ಗೋಡೆಗೆ, ಅಡುಗೆಮನೆ ಹೊಗೆ ಬರೋ ಜಾಗಕ್ಕೆ ಹಾಕ್ಬೇಡಿ. ಹೊಗೆ ಅಟ್ಟದಲ್ಲಿ ಇಟ್ರೆ ಹುಳ ಬರಲ್ಲ ಅಂತಾರೆ, ನಿಜ, ಆದ್ರೆ ಬಣ್ಣ ಹಳದಿಗಟ್ಟಿ ಜಿಡ್ಡು ಹಿಡಿಯತ್ತೆ. ಗಾಜಿನ ಪೆಟ್ಟಿಗೆ ಮಾಡಿಸಿ, ತಳದಲ್ಲಿ ಸಿಲಿಕಾ ಜೆಲ್ ಇಡಿ, ಬಣ್ಣ ಬದಲಾದಾಗ ಒಲೆ ಬಿಸೀಲಿ ಒಣಗಿಸಿ ಮತ್ತೆ ಇಡಿ. ಪೆಟ್ಟಿಗೆ ಹಿಂದೆ ಗೋಡೆಗೂ ಅದಕ್ಕೂ ಎರಡು ಬೆರಳು ಸಂದು ಇರ್ಲಿ.

ಜೂನಿಂದ ವಾರಕ್ಕೊಮ್ಮೆ ನೋಡಿ. ರೆಕ್ಕೆ ಬುಡದಲ್ಲಿ ಸಣ್ಣ ಹುಡಿ ಉದುರಿದ್ರೆ ಹುಳ ಒಳಗಿದೆ, ಮೀನನ್ನ ಪ್ಲಾಸ್ಟಿಕ್ಕಲ್ಲಿ ಬಿಗಿಯಾಗಿ ಸುತ್ತಿ ಡೀಪ್ ಫ್ರೀಜರಲ್ಲಿ ಎರಡು ವಾರ ಇಡಿ. ಗಲ್ಲದ ಕೆಳಗೆ ಹಳದಿ ಹನಿ ಕಂಡ್ರೆ ಕೊಬ್ಬು ಉಳಿದಿದೆ, ಒರೆಸಿ ಪ್ರಯೋಜನ ಇಲ್ಲ, ಬಿಚ್ಚಿಸ್ಬೇಕು. ಬಿಳಿ ಬೂಸ್ಟು ಬರೀ ಮೇಲ್ಗಡೆ ಇದ್ರೆ ಸ್ಪಿರಿಟ್ ಹತ್ತೀಲಿ ಮೆತ್ತಗೆ ಒರೆಸಿ, ಮೊದ್ಲು ಕಾಣದ ಕಡೆ ಒಂದು ಚೂರು ಒರೆಸಿ ಬಣ್ಣ ಬರತ್ತಾ ನೋಡ್ಕೊಳ್ಳಿ.

ಕೊನೇದಾಗಿ, ಹಳೇ ಮನೆಗಳಲ್ಲಿ ಅಜ್ಜನ ಕಾಲದ ಮೀನು, ಕಾಟಿ (ಕಾಡುಕೋಣ) ತಲೆ, ಜಿಂಕೆ ಕೊಂಬು ಇರತ್ತಲ್ಲ, ಅವುಗಳನ್ನ ಹಬ್ಬಕ್ಕೆ ಅಂತ ಬರಿಗೈಯಲ್ಲಿ ಧೂಳು ಹೊಡೀಬೇಡಿ. ಹಿಂದೆ ಚರ್ಮಕ್ಕೆ ಆರ್ಸೆನಿಕ್ ಸೇರಿದ ಸೋಪು ಹಚ್ತಿದ್ರು, ಆ ವಿಷ ಎಷ್ಟು ವರ್ಷ ಆದ್ರೂ ಹೋಗಲ್ಲ. ಕೈಗವಸು, ಮಾಸ್ಕ್ ಹಾಕ್ಕೊಂಡು ಒದ್ದೆ ಬಟ್ಟೇಲಿ ಒರೆಸಿ, ಆ ಬಟ್ಟೆ ಮತ್ತೆ ಬಳಸ್ಬೇಡಿ, ಮಕ್ಕಳನ್ನ ಆ ಹೊತ್ತು ಜಗಲೀಲಿ ಇರಿಸ್ಬೇಡಿ.